ಮಂಗಳವಾರದವನ ಹೆಸರು

ಕಡಲ ತಳದ ಚಿಪ್ಪು ತಾನಾಗಿ ಎದ್ದು ಹೋಗಿ ಲಂಡನ್ನಿನ ಗಾಜಿನ ಪೆಟ್ಟಿಗೆಯಲ್ಲಿ ಕೂರುವುದಿಲ್ಲ. ಯಾರಾದರೂ ಮುಳುಗಿ ತೆಗೆಯಬೇಕು. ಆದರೆ ಚಿಪ್ಪಿಗೆ ಇಡುವುದು ಮುಳುಗಿದವನ ಹೆಸರನ್ನಲ್ಲ, ದಡದಲ್ಲಿ ಕೊಡೆ ಹಿಡಿದು ನಿಂತವನ ಹೆಸರನ್ನು. ಶಾಲೆಯ ಮೆಟ್ಟಿಲು ಹತ್ತಿದ ಎಲ್ಲರಿಗೂ ಇಷ್ಟು ಗೊತ್ತಿರಬೇಕಿತ್ತು. ಗೊತ್ತಿಲ್ಲವೆಂದಾದರೆ, ಕಲಿಸಿದವರು ಅದನ್ನು ನುಂಗಿಕೊಂಡು ಕಲಿಸಿದ್ದಾರೆ.

ಲೋಲಾಕ್ಷಿಗೆ ಇದು ಗೊತ್ತಾದದ್ದು ಮಸ್ಕತ್ತಿನಲ್ಲಿ, ೧೯೮೮ರ ಚಳಿಗಾಲದ ಶುಕ್ರವಾರಗಳಲ್ಲಿ, ಟೈಪ್ ಮಾಡುತ್ತ ಮಾಡುತ್ತ.

ವಾರದ ಉಳಿದ ದಿನ ಅವಳು ಘಾಲಾದ ಒಂದು ಗ್ಯಾರೇಜಿನ ಆಫೀಸಿನಲ್ಲಿ ಟೈಪಿಸ್ಟ್. ಗೇರ್‌ಬಾಕ್ಸ್, ರೇಡಿಯೇಟರ್, ಕ್ಲಚ್ ಪ್ಲೇಟುಗಳ ಕೊಟೇಶನ್ ಹೊಡೆಯುವ ಕೆಲಸ. ಮಂಗಳೂರಿನ ಹಂಪನಕಟ್ಟೆಯಲ್ಲಿ ಹೈಯರ್ ಪಾಸು ಮಾಡಿದ ಬೆರಳುಗಳು. ಕಣ್ಣು ಎಲ್ಲಿದ್ದರೂ ಅಕ್ಷರ ತಪ್ಪುತ್ತಿರಲಿಲ್ಲ. ಗಂಡ ಭೋಜರಾಜ ಅದೇ ಗ್ಯಾರೇಜಿನ ಸ್ಟೋರ್‌ಕೀಪರ್. ಶುಕ್ರವಾರ ರಜೆ. ಆ ರಜೆಯ ಬೆಳಗನ್ನು ಅವಳು ಎಸ್ತರ್ ಎಂಬ ಇಂಗ್ಲಿಷ್ ಹೆಂಗಸಿಗೆ ಕೊಟ್ಟಿದ್ದಳು.

ಆ ಟೈಪಿನ ಕೆಲಸ ಕೊಡಿಸಿದವರು ಶ್ರೀನಿವಾಸಮೂರ್ತಿ. ಮೈಸೂರಿನ ಕಡೆಯವರು, ಎಸ್ತರಳ ಗಂಡ ಇದ್ದ ಕಂಪೆನಿಯಲ್ಲೇ ಅಕೌಂಟ್ಸ್ ಮ್ಯಾನೇಜರ್, ಅಲ್ಲಿನ ನಮ್ಮ ಕನ್ನಡದವರ ಕೂಟಕ್ಕೆ ಕಾರ್ಯದರ್ಶಿ. ಹಬ್ಬಕ್ಕೆ ಹಾಲ್ ಬುಕ್ ಮಾಡುವುದೂ ಅವರೇ, ಯಾರ ಮಗಳು ಹಾಡಬೇಕೆಂದು ಹೇಳುವುದೂ ಅವರೇ. ಕೂಟದಲ್ಲಿ ಯಾರನ್ನೂ ಜಾತಿ ಕೇಳುವ ಕ್ರಮ ಇರಲಿಲ್ಲ. ಊರು ಯಾವುದು, ಊರಲ್ಲಿ ಎಲ್ಲಿ, ದೇವಸ್ಥಾನದ ಯಾವ ಬದಿ, ತಂದೆಯವರ ಹೆಸರೇನು ಎಂದಷ್ಟೇ ಕೇಳುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು.

ಎಸ್ತರಳ ಹತ್ತಿರ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರೊಳಗೆ ಅವಳ ಮುತ್ತಜ್ಜ ಡಾಕ್ಟರ್ ಬ್ರಾಂಟ್‌ವುಡ್‌ನ ಕಾಗದಗಳು. ೧೮೬೦ರ ದಶಕದಲ್ಲಿ ಆತ ಮಸ್ಕತ್ತಿನಲ್ಲಿ ವೈದ್ಯನಾಗಿದ್ದ. ರೋಗಿಗಳು ಕಡಿಮೆಯಾದ ದಿನ ಚಿಪ್ಪು ಕೂಡಿಸುತ್ತಿದ್ದ. ಕೂಡಿಸಿದ್ದನ್ನು ಹತ್ತಿಯಲ್ಲಿ ಸುತ್ತಿ ಲಂಡನ್ನಿನ ಪ್ರೊಫೆಸರ್ ಹ್ಯಾಲೋಸ್‌ಗೆ ಕಳಿಸುತ್ತಿದ್ದ. ಮುಂಬಯಿ ದಾರಿಯಾಗಿ ಒಂದು ಕಾಗದ ಹೋಗಿ ಅದರ ಉತ್ತರ ಬರಲು ಮೂರು ತಿಂಗಳು. ತಾನು ಬರೆದದ್ದರ ನಕಲನ್ನೂ ಡಾಕ್ಟರ್ ಇಟ್ಟುಕೊಂಡಿದ್ದರಿಂದ ಎರಡು ಕಡೆಯ ಪತ್ರಗಳೂ ಪೆಟ್ಟಿಗೆಯಲ್ಲಿದ್ದವು. ಅವನ್ನೆಲ್ಲ ಪುಸ್ತಕ ಮಾಡಬೇಕೆಂದು ಎಸ್ತರಳ ಹಟ. ಅವಳು ಭೂತಗನ್ನಡಿ ಹಿಡಿದು ಓದಿ ಹೇಳುವುದು, ಲೋಲಾಕ್ಷಿ ಹೊಡೆಯುವುದು. ಕೆಟ್ಟ ಹೆಂಗಸಲ್ಲ ಎಸ್ತರ್. ಚಹಾ ತಾನೇ ಮಾಡಿ ತರುತ್ತಿದ್ದಳು, ಲೋಲಾಕ್ಷಿಯ ಹೆಸರನ್ನು ಸರಿಯಾಗಿ ಹೇಳಲು ಎರಡು ವಾರ ಅಭ್ಯಾಸ ಮಾಡಿದ್ದಳು.

ಮೊದಲ ಪತ್ರಗಳಲ್ಲಿ ಹವೆಯ ಮಾತು, ಕೆಮ್ಮಿನ ಮಾತು. ಆಮೇಲೆ ಒಂದು ಚಿಪ್ಪು ಬಂತು. ಕಂದು ಗೆರೆಯ, ಹೆಬ್ಬೆರಳಿನಷ್ಟು ಉದ್ದದ್ದು. ಹನ್ನೊಂದು ಮಾರು ಆಳದಲ್ಲಿ ಸಿಕ್ಕಿತೆಂದು ಡಾಕ್ಟರ್ ಬರೆದಿದ್ದ. ಈ ಜಾತಿಯದ್ದು ಅಷ್ಟು ಆಳದಲ್ಲಿ ಬದುಕಲು ಸಾಧ್ಯವಿಲ್ಲವೆಂದು ಪ್ರೊಫೆಸರ್ ಬಹಳ ಮರ್ಯಾದೆಯಿಂದ ಉತ್ತರ ಕೊಟ್ಟಿದ್ದ: "ತಮ್ಮ ಮಾತಿನಲ್ಲಿ ನನಗೆ ಪೂರ್ಣ ನಂಬಿಕೆಯಿದೆ. ಆದರೂ ಒಂದೇ ಸಲದ ಅಳತೆಯನ್ನು ವಿಜ್ಞಾನ ಒಪ್ಪಲಾರದು. ಮೂರು ಸಲ ಅಳೆಯಿಸುವ ಕೃಪೆ ಮಾಡಬೇಕು."

ಮೂರು ತಿಂಗಳ ಮೇಲೆ ಡಾಕ್ಟರ್: "ನನ್ನ ಆಳು ಮೂರು ಸಲ ಇಳಿದ. ಅಳತೆ ಹೊಂದುತ್ತದೆ. ಕಿವಿನೋವು ಎನ್ನುತ್ತಾನೆ."

ಪ್ರೊಫೆಸರನಿಗೆ ಮತ್ತೆ ಅನುಮಾನ. ಹಗ್ಗ ನೀರಿನಲ್ಲಿ ಓರೆಯಾಗಿ ಹೋಗಿರಬಹುದಲ್ಲವೇ? ಆಳು ಕಲ್ಲು ಕಟ್ಟಿಕೊಂಡು ಇಳಿದ. ಬೇರೆ ಕೊಲ್ಲಿಯಲ್ಲೂ ನೋಡಬಹುದಲ್ಲವೇ? ದೂರದ ಸೂರ್ ಬಂದರಿಗೆ ಹೋಗಿ ಇಳಿದ. "ಈ ಸಲ ಕಿವಿಯಿಂದ ರಕ್ತ ಬಂತು. ಆದರೆ ಮೊದಲ ಅಳತೆಗೂ ಇದಕ್ಕೂ ಅರ್ಧ ಮಾರಿನ ವ್ಯತ್ಯಾಸವೂ ಇಲ್ಲ ಎಂಬುದು ತಮಗೆ ಸಂತೋಷ ತಂದೀತು." ಸಂತೋಷವಾಯಿತೆಂದು ಪ್ರೊಫೆಸರ್ ಬರೆದ. ಜೊತೆಗೆ ಇನ್ನೊಂದು ಸಣ್ಣ ಕೋರಿಕೆ. ಎಲ್ಲ ಅಳತೆಗಳೂ ಬೆಚ್ಚಗಿನ ತಿಂಗಳುಗಳವು. ಪೂರ್ಣತೆಯ ದೃಷ್ಟಿಯಿಂದ ಚಳಿಗಾಲದ್ದು ಒಂದು ಸಿಕ್ಕಿದರೆ?

ಮುಂದಿನ ಪತ್ರ ಓದುವಾಗ ಎಸ್ತರಳ ಧ್ವನಿ ತಗ್ಗಿತು. "ಚಳಿಗಾಲದ ಅಳತೆ ಒದಗಿಸಲಾಗದ್ದಕ್ಕೆ ಕ್ಷಮೆ ಇರಲಿ. ಹೋದ ವಾರ ನನ್ನ ಆಳನ್ನು ಕಳೆದುಕೊಂಡೆ. ಹಗ್ಗ ಸಿಕ್ಕಿತು."

ಪ್ರೊಫೆಸರನ ಉತ್ತರ: "ತಮಗೆ ಆದ ಅನಾನುಕೂಲಕ್ಕೆ ವಿಷಾದಿಸುತ್ತೇನೆ." ಅದೇ ಪತ್ರದ ಕೊನೆಗೆ, ಚಿಪ್ಪಿಗೆ ಬ್ರಾಂಟ್‌ವುಡ್‌ನ ಹೆಸರಿಡಲು ಲಂಡನ್ನಿನ ವಿಜ್ಞಾನಿಗಳ ಸಭೆ ಒಪ್ಪಿದೆ ಎಂಬ ಶುಭವಾರ್ತೆ.

ಲೋಲಾಕ್ಷಿ ಹೊಡೆದ ಹಾಳೆಗಳನ್ನು ಹಿಂದಕ್ಕೆ ತಿರುವಿ ಲೆಕ್ಕ ಹಾಕಿದಳು. ಹತ್ತೊಂಬತ್ತು ಮುಳುಗು. ಒಂದೊಂದಕ್ಕೂ ಲಂಡನ್ನಿನಲ್ಲಿ ಬೆಂಕಿಯ ಮುಂದೆ ಕೂತವನ ಒಂದೊಂದು ಸಂದೇಹ. ಯಾರೂ ಯಾರಿಗೂ ಒಂದು ಒರಟು ಮಾತು ಬರೆದಿರಲಿಲ್ಲ. ಪೊಲೀಸರು ಬಂದು ಆ ಪೆಟ್ಟಿಗೆಯನ್ನೆಲ್ಲ ಜಾಲಾಡಿದರೂ ಒಬ್ಬನೇ ಒಬ್ಬ ಕೊಲೆಗಾರ ಸಿಕ್ಕುತ್ತಿರಲಿಲ್ಲ.

ಇಷ್ಟಾಗಿಯೂ ಇದು ಸತ್ತು ನೂರಿಪ್ಪತ್ತು ವರ್ಷವಾದವನ ಕತೆ, ಅವಳಿಗೆ ಅಂಟಿಕೊಳ್ಳುತ್ತಿರಲಿಲ್ಲವೇನೋ. ಅಂಟಿಕೊಂಡದ್ದು ನಡುವಿನ ಒಂದು ಪತ್ರದ ನಾಲ್ಕು ಸಾಲಿನಿಂದ. ಮಳೆಯ ಒಂದು ದಿನ ಬೇಸರ ಕಳೆಯಲು ಡಾಕ್ಟರ್ ಬರೆದದ್ದು: "ನನ್ನ ಆಳು ಕೆನರಾ ಕರಾವಳಿಯವನು, ಮಂಗಳೂರಿನಿಂದ ಅಕ್ಕಿಯ ಹಡಗಿನಲ್ಲಿ ಬಂದವನು. ಅವನ ಜನರಲ್ಲಿ ಮಗುವಿಗೆ ಬೇರೆ ಹೆಸರು ಹುಡುಕುವುದಿಲ್ಲವಂತೆ, ಹುಟ್ಟಿದ ವಾರವೇ ಹೆಸರಂತೆ. ತಾನು ಮಂಗಳವಾರದವನು ಎಂದ. ತಮಗೆ ತಮಾಷೆ ಎನಿಸೀತೆಂದು ಬರೆದೆ."

ಅವಳ ಬೆರಳು ನಿಂತಿತು. ತುಳುನಾಡಿನಲ್ಲಿ ಹುಟ್ಟಿದವರಿಗೆ ಇದು ಒಗಟಲ್ಲ. ಆದಿತ್ಯವಾರ ಹುಟ್ಟಿದರೆ ಐತ, ಗುರುವಾರದವ ಗುರುವ, ಶನಿವಾರದವ ತನಿಯ. ಒಳ್ಳೆಯ ಹೆಸರು ಇಟ್ಟುಕೊಂಡರೆ ಧಣಿಗಳ ಕಣ್ಣು ಕೆಂಪಾಗುತ್ತಿದ್ದ ಕಾಲದಲ್ಲಿ, ಕೆಳಗಿನವರೆಂದು ಅಂಗಳದಾಚೆ ನಿಲ್ಲಿಸಲ್ಪಟ್ಟವರು ಪಂಚಾಂಗದಿಂದ ಎತ್ತಿಕೊಂಡ ಹೆಸರುಗಳು ಇವು. ಅವುಗಳಿಗೆ ದುಡ್ಡು ಬೇಕಿಲ್ಲ, ಅಪ್ಪಣೆ ಬೇಕಿಲ್ಲ. ಮಂಗಳವಾರದವ ಅಂಗಾರ. ಬೇರೇನೂ ಆಗಲು ಸಾಧ್ಯವಿಲ್ಲ.

ಅಂಗಾರ ಅವಳ ಮಾವನ ಹೆಸರು.

ಭೋಜರಾಜನ ತಂದೆ ಅಂಗಾರ ಆಗ ಊರಿನಲ್ಲಿ ಮಗಳ ಮನೆಯಲ್ಲಿದ್ದರು. ಆದರೆ ಭೋಜರಾಜನ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು ಆನಂದ. ಮುಂಬಯಿಯ ಏಜೆಂಟನ ಎದುರು ಫಾರ್ಮ್ ತುಂಬುವಾಗ ಪೆನ್ನು ತಾನಾಗಿ ಹಾಗೆ ಹೋಯಿತು ಎಂದು ಅವನು ಹೇಳುತ್ತಿದ್ದ. ಕೂಟದಲ್ಲಿಯೂ ಆನಂದನ ಮಗ ಭೋಜರಾಜ.

ಒಂದು ಶುಕ್ರವಾರ ಎಸ್ತರಳ ಮನೆಗೆ ಶ್ರೀನಿವಾಸಮೂರ್ತಿಯೂ ಬಂದಿದ್ದರು. ಹೆಂಡತಿಯನ್ನು ಕರೆದೊಯ್ಯಲು ಬಂದ ಭೋಜರಾಜ ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಿದ್ದ. ಎಸ್ತರ್ ಆ ನಾಲ್ಕು ಸಾಲಿನ ಹಾಳೆ ಎತ್ತಿಕೊಂಡು ನೇರವಾಗಿ ಕೇಳಿದಳು.

"ಲೋಲಾಕ್ಷಿ, ನೀನು ಆ ಕರಾವಳಿಯವಳು. ಮಂಗಳವಾರ ಹುಟ್ಟಿದವನನ್ನು ಅಲ್ಲಿ ಏನೆಂದು ಕರೆಯುತ್ತಿದ್ದರು? ಕನಿಷ್ಠ ಅವನ ಹೆಸರನ್ನಾದರೂ ನಾನು ಪುಸ್ತಕದಲ್ಲಿ ಹಾಕಬೇಕು. ನನ್ನ ಮುತ್ತಜ್ಜ ಮಾಡಲಿಲ್ಲ."

ಶ್ರೀನಿವಾಸಮೂರ್ತಿ ಚಹಾದ ಕಪ್ಪಿನ ಮೇಲಿನಿಂದ ನೋಡಿ ಕನ್ನಡದಲ್ಲಿ ನಕ್ಕರು. "ನೋಡಿಮ್ಮಾ, ನಿಮ್ಮ ಕಡೆಯೋನಂತೆ. ವಾರದ ಹೆಸರಿಟ್ಕೊಳ್ಳೋ ಪೈಕಿ ಯಾರು ಅಂತ ನಮಗೂ ಗೊತ್ತು ಬಿಡಿ. ನಿಮ್ಮ ನೆಂಟರೇನಾದ್ರೂ ಇರಬಹುದಾ?"

ಭೋಜರಾಜ ನೆಲ ನೋಡುತ್ತಿದ್ದ. ಅವನ ಕಾಲಿನ ಹೆಬ್ಬೆರಳು ಕಾರ್ಪೆಟ್ಟಿನ ಒಂದು ಎಳೆಯನ್ನು ಹಿಡಿದು ಎಳೆಯುತ್ತಿತ್ತು.

"ಗೊತ್ತಿಲ್ಲ ಮೇಡಂ," ಎಂದಳು ಲೋಲಾಕ್ಷಿ. "ಅಂಥ ಕ್ರಮ ನಮ್ಮಲ್ಲಿ ನಾನು ಕೇಳಿಲ್ಲ."

ಇಲ್ಲಿ ಅವಳನ್ನು ಬೈಯಲು ಹೊರಡುವವರು ಸ್ವಲ್ಪ ತಡೆಯಿರಿ. ಆ ಕೋಣೆಯಲ್ಲಿ ಅವಳು ಒಂದೇ ಮಾತು ಹೇಳಿದ್ದರೆ ಸತ್ತವನಿಗೆ ಹೆಸರು ಸಿಗುತ್ತಿತ್ತು. ಬದುಕಿದ್ದ ಇಬ್ಬರಿಗೆ ಮುಂದಿನ ಹಬ್ಬದ ಊಟದಲ್ಲಿ ಯಾವ ಸಾಲಿನಲ್ಲಿ ಎಲೆ ಬೀಳುತ್ತಿತ್ತು? ಇದಕ್ಕೆ ಉತ್ತರ ಗೊತ್ತಿರುವವರು ಮಾತ್ರ ಬೈಯಬಹುದು. ಅವರು ಬೈಯುವುದಿಲ್ಲ.

ಆ ವಾರ ಊರಿನಿಂದ ಒಂದು ಕ್ಯಾಸೆಟ್ ಬಂತು. ಬರೆಯಲು ಬಾರದವರು ಆಗೆಲ್ಲ ಟೇಪ್ ರೆಕಾರ್ಡರಿನ ಮುಂದೆ ಕೂತು ಮಾತಾಡಿ, ರಜೆ ಮುಗಿಸಿ ಗಲ್ಫಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರು. ಒತ್ತಿದರೆ ಮೊದಲು ಕೋಳಿ ಕೂಗಿದ ಸದ್ದು, ಆಮೇಲೆ ಮಾವನ ಧ್ವನಿ.

"ಯಾನ್ ಅಂಗಾರೆ ಪಾತೆರುನೆ. ಅಂಗಾರೆ. ಕೇನುಂಡಾ?"

ನಾನು ಅಂಗಾರ ಮಾತಾಡುವುದು, ಕೇಳುತ್ತದಾ ಎಂದು. ಯಂತ್ರ ಮರೆತುಬಿಟ್ಟೀತೆಂಬ ಹೆದರಿಕೆಯಿಂದ ಅವರು ಪ್ರತಿ ಹತ್ತು ಮಾತಿಗೊಮ್ಮೆ ತಮ್ಮ ಹೆಸರು ಹೇಳುತ್ತಿದ್ದರು. ಭೋಜರಾಜ ಎದ್ದು ಧ್ವನಿ ತಗ್ಗಿಸಿದ.

"ಪಕ್ಕದ ರೂಮಿನವರಿಗೆ ಕೇಳ್ತದೆ ಮಾರಾಯ್ತಿ."

"ಕೇಳಿದ್ರೆ ಎಂತ? ಅಪ್ಪನ ಸ್ವರ ಅಲ್ವಾ?"

"ಸ್ವರ ಕೇಳ್ಲಿ. ಹೆಸರು ಯಾಕೆ?"

ಪ್ಲಾಸ್ಟಿಕ್ ಪೆಟ್ಟಿಗೆಗೆ ಕಿವಿಯಿಟ್ಟು ಇಬ್ಬರೂ ತಲೆ ತಾಗಿಸಿ ಕೇಳಿದರು. ಅಷ್ಟು ತಗ್ಗಿಸಿದಾಗ ಆ ಧ್ವನಿ ನೀರಿನ ಅಡಿಯಿಂದ ಬಂದಂತಿತ್ತು. ಲೋಲಾಕ್ಷಿಯ ಎಡಗಿವಿ ನೋಯಲು ಶುರುವಾದದ್ದು ಆವತ್ತು.

ನೋವು ಮಂಗಳವಾರ ಬರುತ್ತಿತ್ತು. ಬುಧವಾರ ಇಲ್ಲ. ಆಸ್ಪತ್ರೆಯಲ್ಲಿ ಟಾರ್ಚ್ ಬಿಟ್ಟು ನೋಡಿ, ಏನೂ ಇಲ್ಲ, ಕಿವಿ ಸ್ವಚ್ಛ ಎಂದರು. ಘಾಲಾದ ಆಫೀಸಿನಲ್ಲಿ ಏಸಿಯ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದಿಗೆ ಅವಳು ಎಣಿಸತೊಡಗುತ್ತಿದ್ದಳು. ಹತ್ತೊಂಬತ್ತಕ್ಕೆ ಬಂದಾಗ ಎದ್ದು ಹೋಗಿ ಬಕೆಟ್ ಚೆಲ್ಲಬೇಕು, ಇಲ್ಲವಾದರೆ ಉಸಿರು ಕಟ್ಟುತ್ತದೆ. ಬೆನ್ನ ಹಿಂದೆ ಯಾರೋ ಬಂದು ನಿಂತಂತೆ, ನಿಂತಲ್ಲಿ ನೆಲ ಒದ್ದೆಯಾದಂತೆ. ತಿರುಗಿ ನೋಡಿದರೆ ಸಿಮೆಂಟ್ ಒಣಗಿಯೇ ಇರುತ್ತಿತ್ತು. ಅವನು ಏನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಉತ್ತರ ಕೊಡಬಹುದಿತ್ತು. ಕರೆಯುವವರೆಗೆ ಕಾಯುವ ಅಭ್ಯಾಸ ಇದ್ದವನ ಹಾಗೆ ಸುಮ್ಮನೆ ನಿಲ್ಲುತ್ತಿದ್ದ.

ಒಂದು ಮಂಗಳವಾರ ಗ್ಯಾರೇಜಿನ ಮೆಕ್ಯಾನಿಕ್ ಉಮ್ಮರ್ ಅವಳು ಹೊಡೆದ ಕೊಟೇಶನ್ ಹಿಡಿದು ಬಂದ. ಉಳ್ಳಾಲದ ಬ್ಯಾರಿ, ಹತ್ತು ವರ್ಷದಿಂದ ಇಲ್ಲೇ ಇರುವವನು.

"ಲೋಲಕ್ಕ, ಇದೆಂತ? ಗೇರ್‌ಬಾಕ್ಸಿಗೆ ನಾಮಕರಣ ಮಾಡಿದ್ದೀರಾ? ಕಫೀಲ್ ಧಣಿ ಕೇಳಿದ್ರೆ ತೊಟ್ಟಿಲು ನಾನು ತರ್ಲಿಕ್ಕುಂಟಾ?"

ಹಾಳೆಯಲ್ಲಿ ಪಾರ್ಟ್ ನಂಬರ್ ಇರಬೇಕಾದ ಆರು ಜಾಗಗಳಲ್ಲಿ ಅಂಗಾರ, ಅಂಗಾರ ಎಂದು ಇತ್ತು. ಅಕ್ಷರ ತಪ್ಪದ ಬೆರಳುಗಳು. ಅವಳು ಮೇಜಿಗೆ ತಲೆಯಿಟ್ಟು ಅತ್ತಳು. ಗಂಡನಿಗೂ ಹೇಳದಿದ್ದದ್ದನ್ನೆಲ್ಲ ಈ ಉಮ್ಮರನಿಗೆ ಹೇಳಿದಳು, ಪತ್ರಗಳು, ಕಿವಿ, ಬೆನ್ನ ಹಿಂದಿನವನು, ತಾನು ಹೇಳಿದ ಸುಳ್ಳು.

ಉಮ್ಮರ್ ಕೈಯ ಗ್ರೀಸನ್ನು ಬಟ್ಟೆಗೆ ಒರೆಸಿ, ಸ್ಟೂಲ್ ಎಳೆದು ಕೂತ.

"ನಮ್ಮಲ್ಲಿ ಮಯ್ಯತ್ ಹೂತ ಮೇಲೆ ಒಬ್ಬರು ಗೋರಿಯ ತಲೆಯ ಹತ್ರ ಕೂತು ಅವನನ್ನು ಹೆಸರು ಹಿಡಿದು ಕರೀತಾರೆ ಅಕ್ಕ. ಅಮ್ಮನ ಹೆಸರೂ ಸೇರಿಸಿ. ಹೆದರಬೇಡ, ಕೇಳಿದ್ದಕ್ಕೆ ಉತ್ತರ ಹೇಳು ಅಂತ. ಇವನನ್ನು ಯಾರೂ ಕರೀಲಿಲ್ಲ ಅಲ್ವಾ. ಆ ಮದಾಮಿಗೆ ಹೋಗಿ ಹೇಳಿ. ಹೇಳಿದ್ರೆ ಖಲಾಸ್."

"ಆ ಮೂರ್ತಿಯವರಿಗೆ ಗೊತ್ತಾದ್ರೆ?"

"ಮೂರ್ತಿಯವರು ಎಂತ ಸಮುದ್ರಕ್ಕೆ ತಳ್ತಾರಾ? ತಳ್ಳಿದ್ರೆ ನಿಮ್ಮ ಹೆಸರು ನಾನು ಕರೀತೇನೆ, ಹೋಗಿ."

ಟೈಪಿನ ಕೆಲಸ ಮುಗಿದ ಮೇಲೆ ಅತ್ತ ಹೋಗದಿದ್ದ ಅವಳು ಮರುದಿನವೇ ಎಸ್ತರಳ ಮನೆಗೆ ಹೋದಳು. ಗೇಟಿಗೆ ಬೀಗ. ಗಂಡನ ಕಾಂಟ್ರಾಕ್ಟ್ ಮುಗಿದು ಇಬ್ಬರೂ ಇಂಗ್ಲೆಂಡಿಗೆ ಹೊರಟು ನಾಲ್ಕು ದಿನವಾಗಿದೆ, ತಗಡಿನ ಪೆಟ್ಟಿಗೆಯೂ ಹೋಗಿದೆ ಎಂದ ವಾಚ್‌ಮನ್. ಹೊಸ ವಿಳಾಸ ಇದ್ದದ್ದು ಶ್ರೀನಿವಾಸಮೂರ್ತಿಯ ಹತ್ತಿರ ಮಾತ್ರ. ಯಾಕೆ ಬೇಕು ಎಂದು ಅವರು ಕೇಳುತ್ತಾರೆ. ಅವಳು ವಿಳಾಸ ಕೇಳಲಿಲ್ಲ. ಒಂದು ವರ್ಷ, ಎರಡು ವರ್ಷ, ಮೂರು. ಮಂಗಳವಾರಗಳು ಬಂದವು ಹೋದವು.

ಪುಸ್ತಕ ೧೯೯೧ರ ಕೊನೆಗೆ ಬಂತು. ಎರಡು ಪ್ರತಿಯನ್ನು ಎಸ್ತರ್ ಶ್ರೀನಿವಾಸಮೂರ್ತಿಗೆ ಕಳಿಸಿದ್ದಳು, ಅದರಲ್ಲಿ ಒಂದು ಲೋಲಾಕ್ಷಿಗೆ. ದಪ್ಪ ರಟ್ಟು, ನೀಲಿ ಬಣ್ಣ, ಮುಖಪುಟದಲ್ಲಿ ಆ ಚಿಪ್ಪು. ಮುನ್ನುಡಿಯಲ್ಲಿ ಕೃತಜ್ಞತೆ: ಶ್ರೀಮತಿ ಲೋಲಾಕ್ಷಿ ಭೋಜರಾಜ, ಅವರ ನಿಖರ ಬೆರಳುಗಳಿಗೆ. ನೂರ ನಲವತ್ತೆರಡನೆಯ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಟಿಪ್ಪಣಿ: "ಈ ಮುಳುಗುಗಾರನ ಹೆಸರು ತಿಳಿಯದು. ಮಸ್ಕತ್ತಿನಲ್ಲಿ ನೆಲೆಸಿರುವ ಅದೇ ಕರಾವಳಿಯ ಜನರನ್ನು ವಿಚಾರಿಸಿದರೂ ಅಂಥ ಪದ್ಧತಿಯ ಬಗ್ಗೆ ಮಾಹಿತಿ ದೊರೆಯಲಿಲ್ಲ."

ಸುಳ್ಳು ಬಾಯಲ್ಲಿದ್ದಾಗ ಗಾಳಿ. ಅಚ್ಚಾದ ಮೇಲೆ ಅದಕ್ಕೆ ಪುಟಸಂಖ್ಯೆ ಇರುತ್ತದೆ, ಮುಂದೆ ಓದುವವನು ಅದನ್ನೇ ಆಧಾರ ಎನ್ನುತ್ತಾನೆ. ಆ ಪುಸ್ತಕದಲ್ಲಿ ಡಾಕ್ಟರನ ಹೆಸರಿದೆ, ಪ್ರೊಫೆಸರನ ಹೆಸರಿದೆ, ಡಾಕ್ಟರನ ನಾಯಿಯ ಹೆಸರೂ ಇದೆ. ಟೈಪ್ ಮಾಡಿದವಳ ಹೆಸರು ಕೂಡ.

ಮರು ವರ್ಷ ಊರಿನಲ್ಲಿ ಮಾವ ತೀರಿಕೊಂಡರು. ರಜೆ ಸಿಗಲಿಲ್ಲ. ಭೋಜರಾಜ ಮಂಗಳೂರಿನ ಒಂದು ಪತ್ರಿಕೆಗೆ ಎರಡು ಸಾಲಿನ ಜಾಹೀರಾತು ಕೊಡಿಸಿದ: ಶ್ರೀ ಆನಂದ ನಿಧನ. ತಿಂಗಳು ಕಳೆದು ನಾದಿನಿಯ ಕಾಗದ ಬಂತು. ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಜನ ಕಡಿಮೆ. ಅಪ್ಪನ ಜೊತೆ ನಲವತ್ತು ವರ್ಷ ಬೋಟಿಗೆ ಹೋದವರು ಪತ್ರಿಕೆ ಓದಿಸಿಕೊಂಡು ಕೇಳಿದರೂ, ಆನಂದನಂತೆ, ಯಾರೋ ದೊಡ್ಡವರಿರಬೇಕು ಎಂದು ಸುಮ್ಮನಾದರಂತೆ.

ಆ ಕಾಗದ ಓದಿದ ಮೇಲೆ ಲೋಲಾಕ್ಷಿ ಗಂಡನನ್ನು ಕೇಳಲಿಲ್ಲ. ಪುಸ್ತಕದ ಕೊನೆಯ ಪುಟದಲ್ಲಿದ್ದ ಪ್ರಕಾಶಕರ ವಿಳಾಸಕ್ಕೆ ಎಸ್ತರಳ ಹೆಸರಿಗೆ ಪತ್ರ ಹೊಡೆದಳು. ಅವನ ಹೆಸರು ಅಂಗಾರ. ನನಗೆ ಆವತ್ತೇ ಗೊತ್ತಿತ್ತು, ಹೇಳಲಿಲ್ಲ. ಕೆಳಗೆ ಸಹಿ: ಲೋಲಾಕ್ಷಿ, ಅಂಗಾರನ ಸೊಸೆ.

ಉತ್ತರ ೧೯೯೩ರ ಮಾರ್ಚಿನಲ್ಲಿ ಬಂತು. ಪ್ರೀತಿಯ ಪತ್ರ. ತನ್ನ ಕಣ್ಣಲ್ಲಿ ನೀರು ಬಂತೆಂದು ಎಸ್ತರ್ ಬರೆದಿದ್ದಳು. ಎರಡನೆಯ ಮುದ್ರಣದಲ್ಲಿ ಟಿಪ್ಪಣಿಯನ್ನು ಖಂಡಿತ ತಿದ್ದುವಳು. "ಆದರೆ ಒಂದು ಸಣ್ಣ ಕೋರಿಕೆ. ಮೊದಲು ಇಲ್ಲವೆಂದು ಹೇಳಿದವರೇ ಈಗ ಹೌದು ಎನ್ನುವುದರಿಂದ, ಇನ್ನೊಬ್ಬರ ಸಹಿ ಇಲ್ಲದೆ ಪ್ರಕಾಶಕರು ಒಪ್ಪುತ್ತಿಲ್ಲ. ಆ ಕರಾವಳಿಯ, ಅದೇ ಪದ್ಧತಿಯ ಮನೆಯ ಇನ್ನೊಬ್ಬರು ಬರೆದುಕೊಡಬೇಕು. ಒಬ್ಬರು ಸಾಕು."

ಲೋಲಾಕ್ಷಿ ಅದನ್ನು ಭೋಜರಾಜನ ಊಟದ ತಟ್ಟೆಯ ಪಕ್ಕದಲ್ಲಿ ಇಟ್ಟಳು. ಅವನು ಓದಿದ. ಕೈ ತೊಳೆದು ಬಂದು ಮತ್ತೆ ಓದಿದ.

"ಪಾಸ್‌ಪೋರ್ಟಿನಲ್ಲಿ ಬೇರೆ ಹೆಸರುಂಟು. ಇಲ್ಲಿ ಸಹಿ ಹಾಕಿ ನಾಳೆ ವೀಸಾಕ್ಕೆ ತೊಂದರೆ ಆದ್ರೆ?"

"ಇಂಗ್ಲೆಂಡಿನ ಚಿಪ್ಪಿನ ಪುಸ್ತಕ ಇಲ್ಲಿನ ಲೇಬರ್ ಆಫೀಸಿನವರು ಓದ್ತಾರಾ?"

"ಮೂರ್ತಿ ಓದ್ತಾರೆ."

"ಹಾಗೆ ಹೇಳಿ ಮತ್ತೆ. ವೀಸಾ ಯಾಕೆ ಎಳೀತೀರಿ."

ಅವನು ಎದ್ದ. ಕ್ಯಾಸೆಟ್ ಇಟ್ಟಿದ್ದ ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿನ ಮೇಲಿನಿಂದ ಇಳಿಸಿ, ಮಡಿಲಲ್ಲಿ ಇಟ್ಟುಕೊಂಡು, ತೆರೆಯದೆ ಕೂತ. ಕೆಟ್ಟ ಮಗನಲ್ಲ ಅವನು. ಅವನ ಅಪ್ಪ ಅಂಗಳದಾಚೆ ನಿಂತು ಸಾಲದ ಭತ್ತಕ್ಕೆ ಹೆಗಲ ಬಟ್ಟೆ ಒಡ್ಡಿದ್ದನ್ನು ನೋಡಿ ಬೆಳೆದವನು. ಟೈಪಿನ ಕೆಲಸ ಮುಗಿದ ವರ್ಷ ಹುಟ್ಟಿದ ತನ್ನ ಮಗಳು ಈಗ ಮಸ್ಕತ್ತಿನ ಶಾಲೆಯಲ್ಲಿ ಎಲ್ಲರ ಜೊತೆ ಬೆಂಚಿನಲ್ಲಿ ಕೂತಿದ್ದಾಳೆ, ಅದು ಆನಂದನ ಹೆಸರಿನಿಂದ ಎಂದು ನಂಬಿದವನು. ಹಾಗೆ ನಂಬಿಸಿದವರು ಯಾರು? ಎಸ್ತರ್ ಅಲ್ಲ, ವೀಸಾ ಕೊಟ್ಟ ಕಫೀಲ್ ಅಲ್ಲ.

ಲೋಲಾಕ್ಷಿ ಕೂಟಕ್ಕೂ ಹೋಗಿ ಕೇಳಿದಳು. ಎಲ್ಲರ ಎದುರು, ಹಾಲ್‌ನಲ್ಲಿ, ಹೆಸರು ಹೇಳಿಯೇ ಕೇಳಿದಳು. ನಮ್ಮ ಮಾವ ಅಂಗಾರ, ಈ ಸತ್ತವನೂ ಅಂಗಾರ, ಇನ್ನೊಂದು ಸಹಿ ಬೇಕು. ಕುರ್ಚಿಗಳು ಕಿರುಗುಟ್ಟಿದವು. ಆ ಹಾಲ್‌ನಲ್ಲಿ ಐತನ ಮೊಮ್ಮಕ್ಕಳು, ತನಿಯನ ಮಕ್ಕಳು ಕಡಿಮೆಯೆಂದರೂ ನಾಲ್ಕು ಜನ ಇದ್ದರು. ಅವಳಿಗೆ ಗೊತ್ತಿತ್ತು, ಅವರಿಗೂ ಅವಳಿಗೆ ಗೊತ್ತಿರುವುದು ಗೊತ್ತಿತ್ತು. ಒಬ್ಬನೂ ಕತ್ತೆತ್ತಲಿಲ್ಲ.

"ಇದೆಲ್ಲ ಹಳೇದು ಯಾಕಮ್ಮಾ ಕೆದಕ್ತೀರಿ," ಎಂದರು ಶ್ರೀನಿವಾಸಮೂರ್ತಿ, ಮೃದುವಾಗಿಯೇ. "ನಾವೇನು ಇಲ್ಲಿ ಭೇದ ಮಾಡ್ತೀವಾ?"

ಮುಂದಿನ ಹಬ್ಬಕ್ಕೆ ಅವರ ಮನೆಗೆ ಕರೆ ಬರಲಿಲ್ಲ. ಮರೆತುಹೋಯಿತಂತೆ. ಉಮ್ಮರ್ ಸಹಿ ಹಾಕುತ್ತೇನೆಂದು ಬಂದ, ಆದರೆ ಅದೇ ಪದ್ಧತಿಯ ಮನೆಯವನಲ್ಲವಲ್ಲ. ಮಂಗಳವಾರದ ಕಿವಿನೋವು ಹೋಗಲಿಲ್ಲ. ಅವಳು ಅದಕ್ಕೆ ಮದ್ದು ಹಾಕುವುದನ್ನು ಬಿಟ್ಟಳು. ಬೆನ್ನ ಹಿಂದೆ ಬಂದು ನಿಂತಾಗ ಈಗ ಹೆಸರು ಹಿಡಿದು ಕರೆಯುತ್ತಾಳೆ, ಗಟ್ಟಿಯಾಗಿ, ಆಫೀಸಿನವರು ತಿರುಗಿ ನೋಡುವಷ್ಟು. ಅವನು ಹೋಗುವುದಿಲ್ಲ. ಒಬ್ಬಳು ಕರೆದರೆ ಸಾಲದೇನೋ.

ಹಾಳೆ ಸಿದ್ಧವಿದೆ. ನಿಖರ ಬೆರಳುಗಳು ಹೊಡೆದದ್ದು, ಒಂದು ತಪ್ಪೂ ಇಲ್ಲ. ಒಂದು ಸಹಿ ಆಗಿದೆ, ಅದರ ಕೆಳಗೆ ಒಂದು ಗೆರೆ ಖಾಲಿ ಇದೆ. ನಿಮ್ಮ ಅಜ್ಜ ಐತನೋ ಗುರುವನೋ ತನಿಯನೋ ಆಗಿದ್ದು, ನೀವು ಅದನ್ನು ಶಾಲೆಯ ದಾಖಲೆಯಲ್ಲಿ, ಮದುವೆಯ ಕಾಗದದಲ್ಲಿ, ಪಾಸ್‌ಪೋರ್ಟಿನಲ್ಲಿ ಮುಳುಗಿಸಿ ಬಂದಿದ್ದರೆ, ಈ ಮಾತು ನಿಮಗೇ. ಅಜ್ಜನ ಹೆಸರನ್ನು ಪೂರ್ತಿಯಾಗಿ ಬರೆಯಿರಿ, ಪಕ್ಕದಲ್ಲಿ ನಿಮ್ಮ ಹೆಸರು ಬರೆಯಿರಿ, ಸಹಿ ಹಾಕಿ.